ದಿವಾನ್ ಶೇಷಾದ್ರಿ ಅಯ್ಯರ್ ನಡಿಗೆ: ದೀಪದ ಕಥೆ ಸೊಗಸು, ನದಿಯ ಕಥೆ ನಾಪತ್ತೆ

1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತವನ್ನೇ ವಸ್ತುವಾಗಿಟ್ಟುಕೊಂಡು ಬೆಂಗಳೂರಿನ ಸಂಸ್ಥೆಯೊಂದು ಕನ್ನಡದಲ್ಲಿ ನಡೆಸುವ ಭಾನುವಾರದ ಪಾರಂಪರಿಕ ನಡಿಗೆ ಕಬ್ಬನ್ ಉದ್ಯಾನದಲ್ಲಿ, ಅವರ ಸ್ಮಾರಕ ಭವನದ ಮುಂದಿನ ಪ್ರತಿಮೆಯ ಬಳಿ ಆರಂಭವಾಗುತ್ತದೆ. ಶುಲ್ಕ ದುಬಾರಿಯಲ್ಲ, ಗುಂಪು ಚಿಕ್ಕದಾದ್ದರಿಂದ ವಿವರಣೆ ಎಲ್ಲರಿಗೂ ಕೇಳಿಸುತ್ತದೆ.

ನಡಿಗೆಯ ಅತ್ಯುತ್ತಮ ಭಾಗ ಮೊದಲ ಅರ್ಧ ಗಂಟೆ. ಉದ್ಯಾನದ ಒಂದು ಮಗ್ಗುಲಿಗೆ ಮಹಾರಾಜರ ಪೇಟೆ, ಇನ್ನೊಂದು ಮಗ್ಗುಲಿಗೆ ಬ್ರಿಟಿಷರ ದಂಡು (ಸೇನಾ ನೆಲೆ) ಎಂಬುದನ್ನು ನಿರೂಪಕರು ಕೈತೋರಿಸಿ ವಿವರಿಸಿದಾಗ ದಿವಾನರ ಇಕ್ಕಟ್ಟು ಥಟ್ಟನೆ ಅರ್ಥವಾಗುತ್ತದೆ. 1881ರಲ್ಲಿ ರಾಜ್ಯ ಬ್ರಿಟಿಷರಿಂದ ಒಡೆಯರ ಕೈಗೆ ಮರಳಿದರೂ ದಂಡು ಪ್ರದೇಶ ಬ್ರಿಟಿಷರ ಹಿಡಿತದಲ್ಲೇ ಉಳಿದಿತ್ತು, ವರ್ಷವರ್ಷವೂ ಲಕ್ಷಗಟ್ಟಲೆ ಕಪ್ಪ ಸಲ್ಲಬೇಕಿತ್ತು, ಮಹತ್ವದ ಯಾವ ತೀರ್ಮಾನಕ್ಕೂ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಮುಖ ನೋಡಬೇಕಿತ್ತು. 1894ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಕಲ್ಕತ್ತದಲ್ಲಿ ತೀರಿಕೊಂಡ ಮೇಲೆ, ಅವರ ಪತ್ನಿ ವಾಣಿವಿಲಾಸ ಸನ್ನಿಧಾನದವರ ರಾಜಪ್ರತಿನಿಧಿ ಆಡಳಿತದಲ್ಲಿ ದಿವಾನರ ಹೊಣೆ ಇನ್ನಷ್ಟು ಹೆಚ್ಚಿತು.

ಅಲ್ಲಿಂದ ಮುಂದೆ ನಡಿಗೆ ಸಾಧನೆಗಳ ಪಟ್ಟಿಯಾಗಿ ಸಡಿಲಗೊಳ್ಳುತ್ತದೆ. ಹೆಸರಘಟ್ಟದ ನೀರು, ಪ್ಲೇಗಿನ ನಂತರದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು, ಮಾರಿಕಣಿವೆಯ ಅಣೆಕಟ್ಟು ಎಲ್ಲವೂ ಓಡುತ್ತ ಬರುತ್ತವೆ. ಕಾವೇರಿಯ ಮೇಲಿನ ಶಿವನಸಮುದ್ರ ಜಲವಿದ್ಯುತ್ ಯೋಜನೆಗೆ ಮಾತ್ರ ಧಾರಾಳ ಸಮಯ ಸಿಗುತ್ತದೆ. 1902ರಲ್ಲಿ ಅಲ್ಲಿನ ವಿದ್ಯುತ್ ಮೊದಲು ಹರಿದದ್ದು ಮೈಸೂರಿನ ಬೀದಿಗಳಿಗಲ್ಲ, ಇಂಗ್ಲಿಷ್ ಕಂಪನಿಗಳು ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗಳಿಗೆ. ಗಣಿಗೆ ವಿದ್ಯುತ್ ಮಾರಿ ಸಂಸ್ಥಾನದ ಬೊಕ್ಕಸ ತುಂಬಿಸುವ ಈ ಲೆಕ್ಕಾಚಾರವನ್ನು ನಿರೂಪಕರು ಬಹಳ ಚೆನ್ನಾಗಿ ಬಿಡಿಸಿಟ್ಟರು.

ಆದರೆ ಅದೇ ಕಾವೇರಿಯ ಬಗ್ಗೆ 1892ರಲ್ಲಿ ಮದರಾಸು ಸರ್ಕಾರದೊಡನೆ ಆದ ಒಪ್ಪಂದದ ಸುದ್ದಿಯೇ ಬರಲಿಲ್ಲ. ಮದರಾಸಿನ ಪೂರ್ವಸಮ್ಮತಿಯಿಲ್ಲದೆ ಗೊತ್ತುಪಡಿಸಿದ ನದಿಗಳಿಗೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿಲ್ಲ ಎಂಬ ಆ ಷರತ್ತು ಇದೇ ದಿವಾನರ ಅವಧಿಯದು. ಕೃಷ್ಣರಾಜಸಾಗರದ ವೇಳೆಗೆ ಅದು ಎಷ್ಟು ಕಾಡಿತೆಂಬುದು ಮಂಡ್ಯದ ರೈತರಿಗೆ ಹೇಳಿಕೊಡಬೇಕಾದ್ದಲ್ಲ. ಪಾಲ್ಘಾಟ್ ಕಡೆಯಿಂದ ಬಂದ ಅಯ್ಯರ್ ಅವರ ಕಾಲದಲ್ಲಿ ಉನ್ನತ ಹುದ್ದೆಗಳು ಮದರಾಸಿನವರ ಪಾಲಾಗುತ್ತಿವೆ ಎಂದು ಮೈಸೂರಿಗರು ಎತ್ತಿದ್ದ ತಕರಾರೂ ಕೈಪಿಡಿಯಲ್ಲಿ ಒಂದೇ ಸಾಲಿನಲ್ಲಿ ಮುಗಿದಿದೆ. ಕೈಪಿಡಿಯ ಮುದ್ರಣ ಅಚ್ಚುಕಟ್ಟಾಗಿದ್ದರೂ ನಕ್ಷೆಯ ಅಕ್ಷರಗಳು ಓದಲಾಗದಷ್ಟು ಸಣ್ಣವು.

ಕೊನೆಯ ಹಂತದಲ್ಲಿ, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಕರೆದೊಯ್ಯುತ್ತಾರೆ. 1905ರಲ್ಲಿ ನಗರದ ಮೊದಲ ವಿದ್ಯುತ್ ಬೀದಿದೀಪ ಬೆಳಗಿದ್ದು ಅಲ್ಲೇ ಎಂಬುದು ಸರಿ. ಆದರೆ ಹೂವಿನ ಮೂಟೆಗಳ ನೂಕುನುಗ್ಗಲಿನಲ್ಲಿ ಪ್ರಶ್ನೆ ಕೇಳುವುದು ಅಸಾಧ್ಯ. ಮಾರುಕಟ್ಟೆಯನ್ನು ಕೈಬಿಟ್ಟು, ಆ ಸಮಯವನ್ನು ಉದ್ಯಾನದ ನೆರಳಿನಲ್ಲಿ 1892ರ ಒಪ್ಪಂದಕ್ಕೆ ಕೊಟ್ಟರೆ ಇದೇ ಶುಲ್ಕಕ್ಕೆ ಇನ್ನೊಮ್ಮೆ ಹೋಗಲು ನಾನು ಸಿದ್ಧ.