ಬಾರ್ಕೂರನ್ನು ಕಂಪ್ಯೂಟರಲ್ಲಿ ಕಟ್ಟುವ ಕ್ಲಾಸ್: ನಾಲ್ಕು ವಾರ ಹೋಗಿ ಬಂದವನ ರಿವ್ಯೂ

ಮಂಗಳೂರಲ್ಲಿ ಬಲ್ಮಠದ ಹತ್ರ ಒಂದು ಸಣ್ಣ ಸ್ಟುಡಿಯೋದವ್ರು ಹಳೇ ಪಟ್ಟಣಗಳನ್ನ ತ್ರೀಡಿಯಲ್ಲಿ ಕಟ್ಟುದು ಹೇಗೆ ಅಂತ ಕ್ಲಾಸ್ ಮಾಡ್ತಾರೆ, ನಾಲ್ಕು ಶನಿವಾರ ನಾಲ್ಕು ಆದಿತ್ಯವಾರ, ಫೀಸು 6500, ಊಟ ನಮ್ದೇ. ನಾನು ಬ್ರಹ್ಮಾವರದಲ್ಲಿ ಮನೆ ಪ್ಲಾನ್ ಡ್ರಾಯಿಂಗ್ ಮಾಡುವವ, ಆಟೋಕ್ಯಾಡ್ ಕೈಗೆ ಬರ್ತದೆ, ಆದ್ರೆ ಸೇರಿದ್ದು ಅದಕ್ಕಲ್ಲ, ಈ ಸಲದ ಬ್ಯಾಚಿಗೆ ಪ್ರಾಜೆಕ್ಟ್ ಉಡುಪಿ ಜಿಲ್ಲೆಯ ಬಾರ್ಕೂರು ಅಂತ ಗೊತ್ತಾಯ್ತು ಅದಕ್ಕೆ. ನಮ್ಮ ಅಜ್ಜಿ ಮನೆ ಬಾರ್ಕೂರು, ಸಣ್ಣದಿರುವಾಗ ಇಡೀ ರಜೆ ಅಲ್ಲೇ. ಹಿಂದೆ ತುಳುನಾಡು ಆಳಿದ ಆಳುಪರ ರಾಜಧಾನಿ, ಆಮೇಲೆ ವಿಜಯನಗರದವರಿಗೆ ಬಾರಕೂರು ರಾಜ್ಯ ಅಂತಲೇ ಒಂದು ಪ್ರಾಂತ್ಯ, ಅಷ್ಟು ದೊಡ್ಡ ಊರಿನಲ್ಲಿ ಈಗ ಅಲ್ಲೊಂದು ದೇವಸ್ಥಾನ ಇಲ್ಲೊಂದು ಬಸದಿ ಮಧ್ಯದಲ್ಲಿ ತೆಂಗಿನ ತೋಟ ನೋಡಿ ನೋಡಿ ಬೆಳೆದವನಿಗೆ ಆ ಊರು ಒಟ್ಟಿಗೆ ಹೇಗೆ ಕಾಣ್ತಿತ್ತು ಅಂತ ಒಂದು ಸಲ ನೋಡ್ಬೇಕು ಅನ್ನುವ ಆಸೆ ಬಹಳ ವರ್ಷದ್ದು.

ಹೋಗ್ಬಹುದಾ ಅಂತ ಕೇಳಿದ್ರೆ, ಹೋಗಿ. 5ಕ್ಕೆ 4 ಕೊಡ್ತೇನೆ, ಒಂದು ಎಂತಕ್ಕೆ ಕಟ್ ಮಾಡಿದ್ದು ಅಂತ ಕೆಳಗೆ ಹೇಳ್ತೇನೆ.

ಮೊದಲ ದಿನ ಸಾಫ್ಟ್‌ವೇರ್ ಮುಟ್ಲೇ ಇಲ್ಲ. ಇಡೀ ಬೆಳಿಗ್ಗೆ ರೋಮ್ ರಿಬಾರ್ನ್ ಅನ್ನುವ ಪ್ರಾಜೆಕ್ಟ್ ತೋರಿಸಿದ್ರು. 1997ರಲ್ಲಿ ಶುರು ಮಾಡಿ 2007ರಲ್ಲಿ ಮೊದಲ ಸಲ ಜನರಿಗೆ ತೋರಿಸಿದ್ದು, ರೋಮ್ ಊರಿನ ಸುಮಾರು 7000 ಕಟ್ಟಡ ಅದ್ರಲ್ಲಿ ಉಂಟು. ಆದ್ರೆ ಆ 7000ದಲ್ಲಿ ಆಕಾರ, ಜಾಗ ಎಲ್ಲ ಗಟ್ಟಿಯಾಗಿ ಗೊತ್ತಿರುದು ಸ್ವಲ್ಪಕ್ಕೆ ಮಾತ್ರ, ಉಳಿದದ್ದೆಲ್ಲ ಆ ಕಾಲದ ಮನೆ ಹೀಗೆ ಇರ್ತಿತ್ತು ಅಂತ ಅಂದಾಜಿನಲ್ಲಿ ತುಂಬಿಸಿದ್ದು. ನನಗೆ ಮಂಡೆಗೆ ಹೊಕ್ಕಿದ್ದು ಬೇರೆ ವಿಷಯ, ಅವರು ಬರೀ ಹಳೇ ರೋಮ್ ಅಂತ ಕಟ್ಟಿದ್ದಲ್ಲ, ಕ್ರಿ.ಶ. 320ರ ರೋಮ್ ಅಂತ ವರ್ಷ ಹಿಡಿದು ಕಟ್ಟಿದ್ದು. ಮೇಷ್ಟ್ರು ನಮ್ಮ ಕಡೆ ತಿರುಗಿ, ನಿಮ್ಮ ಬಾರ್ಕೂರು ಯಾವ ವರ್ಷದ್ದು ಅಂತ ಕೇಳಿದ್ರು. ಹದಿನಾಲ್ಕು ಜನ ಇದ್ದೆವು, ಒಬ್ಬರಿಗೂ ಉತ್ತರ ಇಲ್ಲ.

ಆ ಚರ್ಚೆ ಮಧ್ಯಾಹ್ನದ ಊಟ ಆದ ಮೇಲೂ ನಡೀತು. ಮೊರಾಕೋದ ಪ್ರವಾಸಿ ಇಬ್ನ್ ಬತೂತ 1342ರ ಹೊತ್ತಿಗೆ ಈ ದಾರಿಯಲ್ಲಿ ಹೋದವ, ಬಾರ್ಕೂರನ್ನ ಫಾಕನೂರ್ ಅಂತ ಬರೀತಾನೆ, ಅಳಿವೆ ಬದಿಯ ದೊಡ್ಡ ಊರು, ಕಬ್ಬು ಭಾರಿ ಒಳ್ಳೇದು, ರಾಜನ ಹತ್ರ 30ರಷ್ಟು ಯುದ್ಧದ ಹಡಗು ಉಂಟು ಅಂತ. ಹಾಗಾದ್ರೆ ಅದೇ ವರ್ಷ ಇಟ್ಕೊಳ್ಳುವ ಅಂತ ಅರ್ಧ ಜನ. ಆದ್ರೆ ಈಗ ಕಾಣುವ ಕೋಟೆಯ ಅವಶೇಷ ವಿಜಯನಗರದ ಕಾಲದ್ದು, 1342 ಅಂತ ಹಿಡಿದ್ರೆ ಕೋಟೆ ಬಿಡ್ಬೇಕು. ಕೋಟೆ ಇಲ್ಲದ ಬಾರ್ಕೂರಾ ಅಂತ ನಾನೇ ಜಗಳಕ್ಕೆ ನಿಂತೆ. ಕೊನೆಗೆ 1400ರ ಆಸುಪಾಸು ಅಂತ ಒಪ್ಪಿದ್ದು. ಕಬ್ಬಿನ ಗದ್ದೆಯನ್ನೂ ಇಟ್ಟೆವು, ಆದ್ರೆ ಅರವತ್ತು ವರ್ಷ ಹಿಂದಿನ ಮಾತು ಅಂತ ಅದಕ್ಕೊಂದು ಟಿಪ್ಪಣಿ ಹಾಕಿ. ಇಂಥದ್ದೊಂದು ಅಭ್ಯಾಸ ಯೂಟ್ಯೂಬ್ ವಿಡಿಯೋ ನೋಡಿ ಕಲಿತ್ರೆ ಬರುದಿಲ್ಲ, ನಾನು ಎರಡು ವರ್ಷ ನೋಡಿದವ.

ಎರಡನೇ ವಾರ ಫೀಲ್ಡ್, ಬಾರ್ಕೂರಿನ ಕತ್ತಲೆ ಬಸದಿ. ಫೋಟೋಗ್ರಾಮೆಟ್ರಿ ಅಂದ್ರೆ ಸುಮ್ಮನೆ ಫೋಟೋ ತೆಗೆದು ತೆಗೆದು ಕಂಪ್ಯೂಟರಿಗೆ ಕೊಡುದು ಅಂತ ಅಂದ್ಕೊಂಡಿದ್ದೆ, ಅಷ್ಟೇ ಅಲ್ಲ. ಒಂದು ಫೋಟೋದಲ್ಲಿ ಕಂಡ ಚುಕ್ಕಿ ಪಕ್ಕದ ಫೋಟೋದಲ್ಲೂ ಕಾಣ್ಬೇಕು, ಅದಕ್ಕೆ ಒಂದರ ಮೇಲೊಂದು 70-80 ಪರ್ಸೆಂಟ್ ಕೂತ್ಕೊಳ್ಬೇಕು, ಆ ಚುಕ್ಕಿಗಳನ್ನ ತಾಳೆ ಹಾಕಿಯೇ ಕ್ಯಾಮರಾ ಎಲ್ಲಿ ನಿಂತಿತ್ತು, ಕಲ್ಲು ಎಷ್ಟು ದೂರ ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುದು. ನಿಂತಲ್ಲೇ ತಿರುಗಿ ತೆಗೆದ್ರೆ ಪ್ರಯೋಜನ ಇಲ್ಲ, ಪ್ರತಿ ಫೋಟೋಕ್ಕೂ ಒಂದು ಹೆಜ್ಜೆ ಸರೀಬೇಕು. ನಮ್ಮ ಮುರಕಲ್ಲು, ಅಂದ್ರೆ ಜಂಬಿಟ್ಟಿಗೆ ಕಲ್ಲು, ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಲ್ಲು ಮಾರಾಯ್ರೆ, ಮೈಯೆಲ್ಲ ತೂತು ತೂತು, ಒಂದು ತೂತಿನ ಹಾಗೆ ಇನ್ನೊಂದಿಲ್ಲ, ಸಾಫ್ಟ್‌ವೇರಿಗೆ ಗುರ್ತು ಹಿಡಿಲಿಕ್ಕೆ ಸುಲಭ. ನುಣ್ಣಗೆ ಪಾಲಿಶ್ ಆದ ಕಪ್ಪು ಕಲ್ಲಿನ ಕಂಬ ಇದ್ರೆ ಕಷ್ಟ, ಮಳೆ ಬಂದು ಒದ್ದೆಯಾಗಿ ಹೊಳೆದ್ರೆ ಇನ್ನೂ ಕಷ್ಟ. ಮೋಡ ಇದ್ದು ಮಳೆ ಇಲ್ಲದ ದಿನ ಬೇಕು, ನಮ್ಗೆ ಶನಿವಾರ ಸಿಕ್ಕಿತು, ಆದಿತ್ಯವಾರ ಬಿಸಿಲು ಹೊಡೆದು ನೆರಳು ಗಟ್ಟಿಯಾಗಿ ಅರ್ಧ ಫೋಟೋ ದಂಡ. ಅಳತೆ ಕೋಲು ಇಡ್ಲೇಬೇಕು, ಇಲ್ಲದಿದ್ರೆ ಮಾಡೆಲ್ ಚಂದ ಬರ್ತದೆ, ಆದ್ರೆ ಬಸದಿ ಎಷ್ಟು ಅಡಿ ಅಂತ ಯಾರಿಗೂ ಗೊತ್ತಾಗುದಿಲ್ಲ.

ಪೋಸ್ಟರಲ್ಲಿ ಡ್ರೋನ್ ಅಂತ ದೊಡ್ಡದಾಗಿ ಹಾಕಿದ್ರು. ಅಲ್ಲಿ ಹೋದ ಮೇಲೆ ಪರ್ಮಿಶನ್ ಸಿಕ್ಲಿಲ್ಲ ಅಂತ ಹೇಳಿದ್ರು. ಮೊದಲೇ ವಿಚಾರಿಸಿ ಆಮೇಲೆ ಪೋಸ್ಟರ್ ಹಾಕ್ಬೇಕಿತ್ತು, ಇದು ಸರಿ ಅಲ್ಲ. ಮಾಡಿನ, ಅಂದ್ರೆ ಛಾವಣಿಯ, ಮೇಲ್ಭಾಗದ ಫೋಟೋ ತೆಗೀಲಿಕ್ಕೆ ಕೊನೆಗೆ ಪಕ್ಕದ ಮನೆಯಿಂದ ಅಡಿಕೆ ಕೊಯ್ಯುವ ದೋಟಿ ತಂದು ತುದಿಗೆ ಫೋನ್ ಕಟ್ಟಿ ಬ್ಲೂಟೂತ್ ರಿಮೋಟಲ್ಲಿ ಒತ್ತಿದ್ದು, ಭಾರಿ ಲಾಯ್ಕ್ ಬಂತು. ದೋಟಿ ಕೊಟ್ಟ ಅಮ್ಮ ನಮ್ಮೊಟ್ಟಿಗೇ ನಿಂತು ನೋಡ್ತಾ, "ನಮ್ ಅಂಗ್ಳದ್ ಮೆಟ್ಲ್ ಕಲ್ಲೂ ಕೋಟೆದೇ ಅಂಬ್ರ್" ಅಂದ್ರು, ಕೋಟೆಯದ್ದೇ ಅಂತ ಜನ ಹೇಳ್ತಾರಂತೆ. ಹೋಗಿ ಅದ್ರ ಫೋಟೋವನ್ನೂ ತೆಗೆದೆವು.

ಸಾಫ್ಟ್‌ವೇರ್ ಎರಡೂ ಫ್ರೀ, ಫೋಟೋದಿಂದ ಮಾಡೆಲ್ ಮಾಡ್ಲಿಕ್ಕೆ ಮೆಶ್‌ರೂಮ್, ಊರು ಕಟ್ಟಲಿಕ್ಕೆ ಬ್ಲೆಂಡರ್. ಮನೆಗೆ ಹೋಗಿ ಮುಂದುವರಿಸಲಿಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಇದು ದೊಡ್ಡ ಪ್ಲಸ್. ಆದ್ರೆ ಸ್ಟುಡಿಯೋದಲ್ಲಿ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಆರೇ, ಜನ ಹದಿನಾಲ್ಕು. ಮೂರನೇ ಶನಿವಾರ ನನ್ನ ಸರದಿ ಬರುವಾಗ ಸಂಜೆ ನಾಲ್ಕು, ಬಸ್ಸಿಗೆ ಹೊತ್ತಾಯ್ತು ಅಂತ ಅರ್ಧದಲ್ಲಿ ಎದ್ದು ಬಂದೆ. ಹತ್ತಕ್ಕಿಂತ ಹೆಚ್ಚು ಜನ ತಕೊಳ್ಬೇಡಿ ಅಂತ ಫಾರ್ಮಲ್ಲೂ ಬರೆದಿದ್ದೇನೆ.

ಇನ್ನು ಆ ಒಂದು ಸ್ಟಾರ್ ಕಟ್ ಮಾಡಿದ ವಿಷಯ. ಮನೆ, ಅಂಗಡಿ, ಕೇರಿ ತುಂಬಿಸಲಿಕ್ಕೆ ಅವರ ಹತ್ರ ರೆಡಿ ಮಾಡೆಲ್‌ಗಳ ಲೈಬ್ರರಿ ಉಂಟು. ಅದ್ರಲ್ಲಿ ರೋಮನ್ ಕಂಬ ಉಂಟು, ಹಂಪಿಯ ಹಾಗಿನ ಚಪ್ಪಟೆ ಮಾಡಿನ ಕಲ್ಲು ಮಂಟಪ ಉಂಟು, ನಮ್ಮ ಕರಾವಳಿಯದ್ದು ಅಂತ ಇರುದು ಒಂದೇ, ಕೆಂಪು ಹೆಂಚಿನ ಮನೆ. ಡೆಮೋದಲ್ಲಿ ಬಾರ್ಕೂರಿನ ಮೂಡುಕೇರಿ ತುಂಬ ಅದನ್ನೇ ಸಾಲಾಗಿ ಇಟ್ಟು ತೋರಿಸಿದ್ರು, ನೋಡ್ಲಿಕ್ಕೆ ಭಾರಿ ಚಂದ, ಎಲ್ರೂ ಚಪ್ಪಾಳೆ ಹೊಡೆದ್ರು. ನನಗೆ ಕೂತ್ಕೊಳ್ಲಿಕ್ಕೆ ಆಗ್ಲಿಲ್ಲ. ಆ ಹೆಂಚು ಮಂಗಳೂರು ಹೆಂಚು, ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಫ್ಯಾಕ್ಟರಿ ಹಾಕಿದ್ದು 1865ರಲ್ಲಿ, 1400ರ ಬಾರ್ಕೂರಿನ ಮಾಡಿನ ಮೇಲೆ ಅದು ಹೇಗೆ ಬಂದು ಕೂತ್ಕೊಳ್ತದೆ? ಅದೂ ಈ ಮಂಗಳೂರಲ್ಲೇ ಕೂತು, ಜೆಪ್ಪು ಇಲ್ಲಿಂದ ಎಷ್ಟು ದೂರ. ಆ ಕಾಲದ ಸಾಮಾನ್ಯ ಮನೆಗೆ ಮುಳಿಹುಲ್ಲೋ ತೆಂಗಿನ ಮಡಲೋ ಹೊದಿಸಿರ್ತಾರೆ, ಬಸದಿಗೆ ಹೇಗೆ ಮಾಡ್ತಿದ್ರು ಅಂತ ನೋಡ್ಬೇಕಾದ್ರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಉಂಟಲ್ಲ, 1430ರದ್ದು, ಇಳಿಜಾರು ಮಾಡು ಎದುರಿಗೇ ಕಾಣ್ತದೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಹೊಡೆಯುವ ಊರಲ್ಲಿ ಚಪ್ಪಟೆ ಮಂಟಪದ ಸಾಲು ಇಟ್ರೆ ಅದು ಬಾರ್ಕೂರು ಆಗುದಿಲ್ಲ. ನಮ್ಮ ಊರು ಉಳಿಯದೆ ಹೋದದ್ದೂ ಇದಕ್ಕೇ, ಹಂಪಿಯಲ್ಲಿ ಗಟ್ಟಿ ಗ್ರಾನೈಟು, ಇಲ್ಲಿ ಮರ, ಮಣ್ಣು, ಹುಲ್ಲು, ಮಳೆ ತಿಂದು ಹಾಕ್ತದೆ.

ಇದನ್ನ ಹೇಳಿದಾಗ ಮೇಷ್ಟ್ರು ಬೇಜಾರು ಮಾಡ್ಲಿಲ್ಲ, ಅದು ಅವರ ದೊಡ್ಡ ಗುಣ. ಅಲ್ಲೇ ಹೆಂಚು ಡಿಲೀಟ್ ಮಾಡಿ ಹುಲ್ಲಿನ ಮಾಡು ಮಾಡುದನ್ನ ಎಲ್ರಿಗೂ ಸೇರಿಸಿ ತೋರಿಸಿದ್ರು, ಎರಡು ಗಂಟೆ ಹಿಡೀತು. ಹಾಗಂತ ಇದು ಸ್ಟೂಡೆಂಟ್ ಎದ್ದು ಹೇಳುವ ತನಕ ಕಾಯ್ಬಾರ್ದಿತ್ತು, ಅದಕ್ಕೆ ಒಂದು ಸ್ಟಾರ್ ಕಡಿಮೆ.

ಕೊನೇ ವಾರದ್ದು ನನಗೆ ಎಲ್ಲಕ್ಕಿಂತ ಇಷ್ಟ. 2006ರ ಲಂಡನ್ ಚಾರ್ಟರ್ ಅಂತ ಉಂಟು, ಹೀಗೆ ಕಂಪ್ಯೂಟರಲ್ಲಿ ಹಳೇ ಕಟ್ಟಡ ತೋರಿಸುವವರು ಯಾವುದು ಸಾಕ್ಷಿ, ಯಾವುದು ಅಂದಾಜು ಅಂತ ನೋಡುವವರಿಗೆ ಗೊತ್ತಾಗುವ ಹಾಗೆ ಇಡ್ಬೇಕು ಅಂತ ಅದ್ರಲ್ಲಿ ಹೇಳ್ತಾರೆ. ನಾವು ನಮ್ಮ ಮಾಡೆಲಿಗೆ ಮೂರು ಬಣ್ಣ ಹಾಕಿದೆವು. ಇವತ್ತು ನಿಂತಿರುದು, ಅಳತೆ ಮಾಡಿದ್ದು ಹಸಿರು. ಶಾಸನದಲ್ಲೋ ಪ್ರವಾಸಿಗಳ ಬರಹದಲ್ಲೋ ಊರಿನ ಹೆಸರಿನಲ್ಲೋ ಆಧಾರ ಇರುದು ಹಳದಿ. ಬರೀ ನಮ್ಮ ಊಹೆ ಕೆಂಪು. ಕೇರಿಗಳು ಹಳದಿಗೆ ಬಂದವು, ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ, ಭಂಡಾರಕೇರಿ, ಈ ಹೆಸರು ಈಗಲೂ ಜನರ ಬಾಯಲ್ಲಿ ಉಂಟು, ಬಾರ್ಕೂರಿನ ಶಾಸನಗಳಲ್ಲೂ ಕೇರಿ ಸುದ್ದಿ ಬರ್ತದೆ. ವರ್ಷದ ದಿನಕ್ಕೊಂದರ ಹಾಗೆ 365 ದೇವಸ್ಥಾನ ಇತ್ತು ಅಂತ ಅಜ್ಜಿ ಹೇಳ್ತಿದ್ದದ್ದು ನೆನಪಾಯ್ತು, ಅದನ್ನ ಎಲ್ಲಿಗೂ ಹಾಕ್ಲಿಲ್ಲ, ಕತೆಯ ಜಾಗದಲ್ಲೇ ಬಿಟ್ಟೆವು. ಬಣ್ಣದ ಸ್ವಿಚ್ ಒತ್ತಿದ ಕೂಡಲೇ ಇಡೀ ಊರು ಕೆಂಪಾಯ್ತು, ಅಲ್ಲಲ್ಲಿ ಹಳದಿ ಗೆರೆ, ಬೆರಳೆಣಿಕೆಯಷ್ಟು ಹಸಿರು. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ನಾನು ಮಾತ್ರ ಆ ಹಸಿರು ಚುಕ್ಕಿಗಳನ್ನೇ ನೋಡ್ತಾ ಇದ್ದೆ, ಅದ್ರಲ್ಲೊಂದು ಆ ಅಮ್ಮನ ಅಂಗಳದ ಮೆಟ್ಟಿಲು ಕಲ್ಲು, ಅಳತೆ ಸಮೇತ, ಎಲ್ಲಿಂದ ಬಂದದ್ದು ಅನ್ನುದು ಮಾತ್ರ ಹಳದಿ.

ಹೋಗುವವರಿಗೆ: ಲ್ಯಾಪ್‌ಟಾಪಲ್ಲಿ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ರೆ ತಕೊಂಡೇ ಹೋಗಿ, ಸರದಿ ಕಾಯುದು ತಪ್ತದೆ. ಫೀಲ್ಡಿಗೆ ಎರಡು ಪವರ್ ಬ್ಯಾಂಕ್, ಗದ್ದೆಯಲ್ಲಿ ನಡೆಯುವ ಚಪ್ಪಲಿ. ಸಾಫ್ಟ್‌ವೇರ್ ಗೊತ್ತಿಲ್ಲದಿದ್ರೂ ಪರ್ವಾಗಿಲ್ಲ, ನಮ್ಮ ಬ್ಯಾಚಲ್ಲಿ ರಿಟೈರ್ಡ್ ಹೈಸ್ಕೂಲ್ ಟೀಚರ್ ಒಬ್ರು ಇದ್ರು, ಶಾಸನದ ಲಿಪಿ ಓದಲಿಕ್ಕೆ ಬರುವವರು ಅವರೊಬ್ಬರೇ. ಮುಂದಿನ ಬ್ಯಾಚಿಗೆ ಕುಂದಾಪುರದ ಹತ್ರದ ಹಳೇ ಬಂದರು ಪಟ್ಟಣ ಬಸ್ರೂರು ಮಾಡುವ ಯೋಚನೆ ಉಂಟಂತೆ. ನಾನು ಕೋಟೆಯ ಕಂದಕದ ಬದಿ ಇನ್ನೂ ಬಾಕಿ ಇಟ್ಟಿದ್ದೇನೆ, ಜೂನಲ್ಲಿ ಮಳೆ ಹಿಡಿದ್ರೆ ಹುಲ್ಲು ಎದ್ದು ಎಂತದ್ದೂ ಕಾಣುದಿಲ್ಲ, ಅದಕ್ಕೆ ಮೊದಲು ಎರಡು ಆದಿತ್ಯವಾರ ಹೋಗ್ಲಿಕ್ಕುಂಟು. ದೋಟಿ ಅಮ್ಮನ ಮನೆಯಲ್ಲೇ ಸಿಕ್ತದೆ.