ನಿಶ್ಚಿತಾರ್ಥಕ್ಕೆ ಸಕ್ಕರೆ ಗಿಳಿ ಮಾಡಿಸೋರು ಒಳಗೇನಿದೆ ಅಂತ ಕೇಳಿ

ತಮ್ಮನ ನಿಶ್ಚಿತಾರ್ಥ ಶ್ರಾವಣದಲ್ಲಿ, ಮಂಡ್ಯದ ಛತ್ರದಲ್ಲಿ ಆಯ್ತು. ಆರತಿ ತಟ್ಟೆಗಳ ನಡುವೆ ಇಡೋಕೆ ಅಂತ ಮೈಸೂರಿನ ಒಂದು ಅಂಗಡಿಯಲ್ಲಿ ಸಕ್ಕರೆಯ ಜೋಡಿ ಗಿಳಿ ಮಾಡಿಸಿದ್ದೆ. ಎರಡಡಿ ಎತ್ತರ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತ ಗಿಳಿಗಳು, ಕೆಳಗೆ ಹುಡುಗ ಹುಡುಗಿ ಹೆಸರು. ಆರೂವರೆ ಸಾವಿರ. "ಪೂರ್ತಿ ಸಕ್ಕರೇನೇ ಮೇಡಂ, ಫಂಕ್ಷನ್ ಮುಗಿದ್ಮೇಲೆ ಒಡೆದು ಎಲ್ಲರಿಗೂ ಹಂಚಿ" ಅಂದಿದ್ರು.

ನಂಬದೇ ಇರೋಕೆ ನನಗೆ ಕಾರಣವೇ ಇರಲಿಲ್ಲ. ನಮ್ಮ ದೊಡ್ಡಮ್ಮ ಪ್ರತಿ ಸಂಕ್ರಾಂತಿಗೂ ಸಕ್ಕರೆ ಅಚ್ಚು ಹಾಕ್ತಾರೆ. ಮರದ ಅಚ್ಚುಗಳನ್ನ ಹಿಂದಿನ ರಾತ್ರಿಯೇ ನೆನೆಹಾಕಿ, ಪಾಕಕ್ಕೆ ಹಾಲು ಬಿಟ್ಟು ಮೇಲೆ ಬಂದ ಕೊಳೆ ತೆಗೆದು, ಬಿಳಿ ಬಟ್ಟೆಯಲ್ಲಿ ಸೋಸಿ, ಹದ ನೋಡಿ ಹುಯ್ತಾರೆ. ಕಚ್ಚಿದ್ರೆ ಕಟಕ್ ಅಂತ ಮುರಿದು ಬಾಯಲ್ಲೇ ಕರಗುತ್ತೆ. ಸಕ್ಕರೆ ಗೊಂಬೆ ಅಂದ್ರೆ ತಿನ್ನೋದು ಅಂತಲೇ ನಾವೆಲ್ಲ ಬೆಳೆದಿದ್ದು.

ಅವತ್ತು ಬೆಳಗ್ಗೆಯಿಂದ ಸೋನೆ ಮಳೆ. ಸಕ್ಕರೆ ತೇವ ಎಳೆದುಕೊಳ್ಳುತ್ತಲ್ಲ, ಹತ್ತು ಗಂಟೆಗೆಲ್ಲ ಗಿಳಿಗಳು ಬೆವರೋಕೆ ಶುರುವಾದ್ವು. ಕೊಕ್ಕಿನ ಕೆಂಪು ಇಳಿದು ಹಸಿರು ಎದೆ ಮೇಲೆ ಹರೀತಿತ್ತು. ಬೀಗರ ಕಡೆಯ ನಾಲ್ಕು ವರ್ಷದ ಮಗು ಆ ಕೊಕ್ಕನ್ನೇ ಮುರಿದು ಬಾಯಿಗೆ ಹಾಕಿಕೊಂಡಿದೆ. ಕೆಮ್ಮಿದಾಗಲೇ ನಮಗೆ ಗೊತ್ತಾಗಿದ್ದು. ಬಾಯಿ ಬಿಡಿಸಿ ತೆಗೆದ್ರೆ ಥರ್ಮಾಕೋಲ್ ಚೂರು, ಜೊತೆಗೆ ಕಿರುಬೆರಳುದ್ದದ ತಂತಿ. ಡಾಕ್ಟರ ಹತ್ರ ಓಡಿದ್ವಿ. ಪುಣ್ಯಕ್ಕೆ ಒಸಡು ಗೀರಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ನಾಲಿಗೆಯ ಕೆಂಪು ಮಾತ್ರ ಸಂಜೆವರೆಗೂ ಹೋಗಲಿಲ್ಲ. ಆ ತಾಯಿಯ ಮುಖ ನೋಡೋಕೆ ನನ್ನಿಂದ ಆಗಲಿಲ್ಲ.

ಮಾರನೇ ದಿನ ಅಂಗಡಿಗೆ ಹೋದ್ರೆ ನನ್ನ ಬಿಲ್ಲನ್ನೇ ನನಗೆ ತೋರಿಸಿದ್ರು. "ಡೆಕೊರೇಷನ್ ಐಟಂ" ಅಂತ ಬರೆದಿತ್ತು. ಯಾವ ಬಣ್ಣ ಹಾಕಿದ್ರಿ ಅಂದ್ರೆ ಉತ್ತರ ಇಲ್ಲ. ಬಟ್ಟೆಗೆ ಹಾಕೋ ರೋಡಮೈನ್-ಬಿ ಬಣ್ಣವನ್ನ ಬಾಂಬೆ ಮಿಠಾಯಿಗೆ ಹಾಕಬಾರದು ಅಂತ ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ಆದೇಶ ಮಾಡಿದೆ. ಗಿಳಿ ಬಣ್ಣ ಯಾವುದೋ ನನಗಂತೂ ಇವತ್ತಿಗೂ ತಿಳಿದಿಲ್ಲ. ದುಡ್ಡೂ ವಾಪಸ್ ಬಂದಿಲ್ಲ.

ಮಾಡಿಸಲೇಬೇಕು ಅಂದ್ರೆ "ಪೂರ್ತಿ ತಿನ್ನುವಂಥದ್ದು" ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಅದರಲ್ಲಿ ಎಫ್‌ಎಸ್‌ಎಸ್‌ಎಐ, ಅಂದ್ರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡೋ 14 ಅಂಕಿಯ ನಂಬರ್ ಇದೆಯಾ ನೋಡಿ. ತಂತಿ, ಥರ್ಮಾಕೋಲ್ ಇದ್ಯಾ ಅಂತ ಬಾಯಿಬಿಟ್ಟು ಕೇಳಿ. ಇದೆ ಅಂದ್ರೆ ದಯವಿಟ್ಟು ಮಕ್ಕಳ ಕೈಗೆ ಎಟುಕೋ ಕಡೆ ಇಡಬೇಡಿ.

ಮದುವೆ ಕಾರ್ತಿಕದಲ್ಲಿ. ದೊಡ್ಡಮ್ಮ ಈಗಲೇ ಅಟ್ಟದಿಂದ ಗಿಳಿ ಅಚ್ಚು ಇಳಿಸಿ ತೊಳೆದಿಟ್ಟಿದ್ದಾರೆ. ಅಂಗೈಯಗಲದ ಗಿಳಿಗಳು, ಬಣ್ಣ ಇಲ್ಲ.