ಫುಟ್‌ಬಾಲ್ ಕಾಂಟ್ರಾಕ್ಟ್ ಕೊಡಿಸ್ತೀನಿ ಅಂತ ಬರುವವರ ಕೈಗೆ ದುಡ್ಡು ಕೊಡಬೇಡಿ

ಬೆಳಗಾವಿಯಲ್ಲಿ ಫುಟ್‌ಬಾಲ್ ಆಡೋ ಹುಡುಗರಿರುವ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಮ್ಮ ಲೇಲೆ ಮೈದಾನದಲ್ಲಿ ಆಡಿ ಬೆಳೆದವನು, ಎಡಗಾಲಿನ ವಿಂಗರ್. ಪ್ರೊಫೆಷನಲ್ ಆಟಗಾರ ಆಗ್ತೀನಿ ಅಂತ ಹೋದವನ ಕಥೆ ಒಂದೇ ಸೀಸನ್‌ಗೆ ಮುಗಿಯಿತು. ಅದೂ ಒಂದೂ ಮ್ಯಾಚ್ ಆಡದೆ.

ಟೂರ್ನಮೆಂಟ್‌ನಲ್ಲಿ ಅವನ ಆಟ ನೋಡಿದ ಏಜೆಂಟ್ ಸೀದಾ ಮನೆಗೇ ಬಂದ. "ಕಾಕಾ, ಇಂಥಾ ಹುಡುಗನ್ನ ಇಲ್ಲೇ ಇಟ್ಕೊಂಡು ಕುಂತ್ರ ಹೆಂಗ್ರಿ?" ಅಂತ ಅಪ್ಪನನ್ನು ಕೇಳಿದ. ಬೆಂಗಳೂರು ಸೂಪರ್ ಡಿವಿಷನ್ (ಅಲ್ಲಿನ ಮೇಲಿನ ದರ್ಜೆಯ ಲೀಗ್) ಕ್ಲಬ್, ತಿಂಗಳಿಗೆ 15,000, ರೂಮು ಊಟ ಕ್ಲಬ್‌ದು, ಚೆನ್ನಾಗಿ ಆಡಿದರೆ ಮುಂದೆ ದೇಶಮಟ್ಟದ ಐ-ಲೀಗ್ ಅಂದ. ರಿಜಿಸ್ಟ್ರೇಷನ್, ಕಿಟ್, ಮೆಡಿಕಲ್ ಅಂತ 80,000 ಕೇಳಿದ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಕೊಟ್ಟರು. ಕ್ಲಬ್ಬಿನ ದುಂಡನೆ ಸೀಲ್ ಇದ್ದ ಕಾಗದಕ್ಕೆ ಸಹಿ ಮಾಡಿಸಿಕೊಂಡ. ಕಾಪಿ ಆಮೇಲೆ ಕಳಿಸ್ತೀನಿ ಅಂದ. ಆ ಕಾಪಿ ಇವತ್ತಿಗೂ ಬಂದಿಲ್ಲ.

ತಮ್ಮ ಬೆಂಗಳೂರಿಗೆ ಹೋದ. ಸಂಬಳ ಕೇಳಿದಾಗೆಲ್ಲ "ಸ್ಪಾನ್ಸರ್ ದುಡ್ಡು ಬರಬೇಕು" ಅನ್ನೋ ಒಂದೇ ಉತ್ತರ. ಇರಲಿ, ಆಡೋಕೆ ಸಿಕ್ಕರೆ ಸಾಕು ಅಂತ ಸುಮ್ಮನಿದ್ದೆವು. ಲೀಗ್ ಶುರುವಾದಾಗ ಅಪ್ಪ, ನಾನು ರಾಣಿ ಚೆನ್ನಮ್ಮ ರೈಲು ಹತ್ತಿ ಅಶೋಕನಗರದ ಸ್ಟೇಡಿಯಂಗೆ ಹೋದೆವು. ತಮ್ಮ ಮೈದಾನದಲ್ಲೂ ಇಲ್ಲ, ಬೆಂಚ್ ಮೇಲೂ ಇಲ್ಲ, ಗ್ಯಾಲರಿಯಲ್ಲಿ ನಮ್ಮ ಪಕ್ಕ ಬಂದು ಕೂತ. ಮ್ಯಾಚ್ ಆದಮೇಲೆ ಅಪ್ಪ ಮ್ಯಾನೇಜರ್ ಹತ್ತಿರ ಹೋಗಿ ಕೇಳಿದರೆ ಆತ ಪಟ್ಟಿ ತಿರುವಿ, "ಈ ಹುಡುಗ ನಮ್ಮಲ್ಲಿ ರಿಜಿಸ್ಟರೇ ಆಗಿಲ್ಲ ಸರ್, ಪ್ರಾಕ್ಟೀಸ್‌ಗೆ ಬರ್ತಾನೆ ಅಷ್ಟೆ" ಅಂದುಬಿಟ್ಟ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕೋಚ್‌ಗೆ ಅಂತ ತಂದ ಕುಂದಾ ಡಬ್ಬಿ ಕೈಯಲ್ಲೇ ಇತ್ತು. ಅಷ್ಟು ಜನರ ಮುಂದೆ ಅವರು ಏನೂ ಮಾತಾಡದೆ ನಿಂತಿದ್ದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಏಜೆಂಟ್‌ಗೆ ಫೋನ್ ಮಾಡಿದೆ. "ರಿಜಿಸ್ಟ್ರೇಷನ್ ವಿಂಡೋ ಕ್ಲೋಸ್ ಆಯ್ತು ಬ್ರದರ್, ಮುಂದಿನ ಸಲ ನೋಡೋಣ" ಅಂದ. ದುಡ್ಡು ವಾಪಸ್ ಕೊಡಿ ಅಂದೆ. "ನಾನು ಟ್ರಯಲ್ ಕೊಡಿಸಿದೆ ಅಲ್ವಾ? ನಿಮ್ಮ ಹುಡುಗನೇ ಫಿಟ್ ಇಲ್ಲ." ಫಿಟ್ ಇಲ್ವಂತೆ! ಮನೆಗೆ ಬಂದು ಚಹಾ ಕುಡಿಯುವಾಗ ಫಿಟ್ ಇದ್ದ ಹುಡುಗ, ದುಡ್ಡು ಕೇಳಿದ ತಕ್ಷಣ ಫಿಟ್ ಇಲ್ಲ. ಆಮೇಲೆ ನನ್ನ ನಂಬರ್ ಬ್ಲಾಕ್. ಕ್ಲಬ್‌ನವರು "ಆತನಿಗೂ ನಮಗೂ ಸಂಬಂಧ ಇಲ್ಲ" ಅಂತಾರೆ. ಹಾಗಾದರೆ ಆ ಸೀಲ್ ಯಾರದು?

2023ರ ಅಕ್ಟೋಬರ್ 1ರಿಂದ ಏಜೆಂಟ್ ಕೆಲಸಕ್ಕೆ ಫೀಫಾ ಲೈಸೆನ್ಸ್ ಕಡ್ಡಾಯ. ಲೈಸೆನ್ಸ್ ಇದ್ದವರ ಹೆಸರು ಫೀಫಾ ವೆಬ್‌ಸೈಟಿನಲ್ಲೇ ಸಿಗುತ್ತದೆ, ಹುಡುಕಿ. ಲಿಖಿತ ಕಾಂಟ್ರಾಕ್ಟ್ ಇದ್ದು, ಆಟದ ಖರ್ಚಿಗಿಂತ ಜಾಸ್ತಿ ಹಣ ಸಿಗುವವನೇ ಪ್ರೊಫೆಷನಲ್ ಅಂತ ಫೀಫಾ ನಿಯಮದಲ್ಲೇ ಇದೆ. ನಮ್ಮ ಹುಡುಗನ ಕೈಯಲ್ಲಿ ಎರಡೂ ಇರಲಿಲ್ಲ. ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಆಟಗಾರರನ್ನು ರಿಜಿಸ್ಟರ್ ಮಾಡುವ ಆನ್‌ಲೈನ್ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ನಿಮ್ಮ ಹುಡುಗನದು ಆ ಕ್ಲಬ್ ಹೆಸರಲ್ಲಿ ರಿಜಿಸ್ಟ್ರೇಷನ್ ಆಗಿದೆಯಾ ಅಂತ ಕಣ್ಣಾರೆ ನೋಡುವ ತನಕ ಒಂದು ರೂಪಾಯಿ ಕೊಡಬೇಡಿ. ಕಾಪಿ ಆಮೇಲೆ ಕೊಡ್ತೀನಿ ಅಂದರೆ ಬಾಗಿಲು ತೋರಿಸಿ.

ತಮ್ಮ ಈಗ ಉದ್ಯಮಬಾಗದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಆ ಏಜೆಂಟ್ ಮಾತ್ರ ಹೊಸ ನಂಬರ್‌ನಿಂದ ಇಲ್ಲಿನ ಹುಡುಗರಿಗೆ ಟ್ರಯಲ್ ಇದೆ ಅಂತ ಮತ್ತೆ ಮೆಸೇಜ್ ಹಾಕುತ್ತಿದ್ದಾನೆ. ನಿಮ್ಮ ಹುಡುಗನ ಫೋನಿಗೂ ಬಂದಿರಬಹುದು, ಇವತ್ತೇ ಕೇಳಿ.